ಲೆಕ್ಕದ ಪುಸ್ತಕ ತೆರೆಯುವ ಮೊದಲು

ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲಿ ಇಬ್ಬರು ‘ಇದು ಆರು ತಿಂಗಳೂ ನಡೆಯುವುದಿಲ್ಲ’ ಎಂದು ಮುಖದ ಮೇಲೆಯೇ ಹೇಳಿದ್ದ, ಮನೆಯ ಹಣದ ಲೆಕ್ಕವನ್ನೂ ದಾನವನ್ನೂ ನಡೆಸುವ ಕ್ರಮವೊಂದು ನನ್ನ ಮನೆಯಲ್ಲಿ ಈಗ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿದೆ. ಅದಕ್ಕೂ ಹಿಂದಿನ ಏಳೆಂಟು ವರ್ಷ ನಾನು ಸೋತದ್ದೇ ಹೆಚ್ಚು. ಕ್ರೈಸ್ತ ಜೀವನವನ್ನು ಕಲಿಸುವ ಶಿಷ್ಯತ್ವದ ತರಗತಿ ನಡೆಸುವವರಿಗೆ ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವುದನ್ನು, ಮನೆವಾರ್ತೆತನವನ್ನು, ಅಂದರೆ ಇರುವುದೆಲ್ಲಾ ದೇವರದೆಂದು ತಿಳಿದು ನೋಡಿಕೊಳ್ಳುವುದನ್ನು, ಹೆಚ್ಚು ವಿವರಿಸಬೇಕಾಗಿಲ್ಲವಾದ್ದರಿಂದ ನೇರವಾಗಿ ಸೋಲುಗಳಿಂದಲೇ ಆರಂಭಿಸುತ್ತೇನೆ.

ಮೊದಲ ಸೋಲು ಅತಿ ದೊಡ್ಡದು. ಒಂದು ಉಪವಾಸ ಪ್ರಾರ್ಥನೆಯ ಕೊನೆಯಲ್ಲಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯವನ್ನು ಓದಿದಾಗ, ಇರುವುದನ್ನೆಲ್ಲಾ ಮಾರಿ ಬಡವರಿಗೆ ಕೊಡೆಂದು ಯೇಸು ಒಬ್ಬ ಆಸ್ತಿವಂತನಿಗೆ ಹೇಳಿದ ಮಾತು ನನಗೇ ಹೇಳಿದಂತೆ ಕೇಳಿಸಿತು. ಎಂಟೋ ಒಂಬತ್ತೋ ತಿಂಗಳ ಆದಾಯದಷ್ಟು ಉಳಿತಾಯವಿತ್ತು. ಒಂದೇ ವಾರದಲ್ಲಿ ಅದನ್ನೆಲ್ಲಾ ಕೊಟ್ಟುಬಿಟ್ಟೆ, ಮುಂದಿನ ಭಾನುವಾರ ಸಭೆಯ ಮುಂದೆ ನಿಂತು, ದೇವರಿಗಾಗಿ ಎಲ್ಲವನ್ನೂ ಕೊಟ್ಟೆನೆಂದು ಸಾಕ್ಷಿಯನ್ನೂ ಹೇಳಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯಲ್ಲಿ ಕಾಯಿಲೆ ಬಂದು ಬಡ್ಡಿಗೆ ಸಾಲ ಮಾಡಬೇಕಾಯಿತು. ಅದನ್ನು ತೀರಿಸಲು ಸುಮಾರು 14 ತಿಂಗಳು ಹಿಡಿಯಿತು. ಕಟ್ಟಿದ ಬಡ್ಡಿಯೇ ನಾನು ಕೊಟ್ಟ ದಾನದ ಐದನೇ ಒಂದು ಪಾಲಿನಷ್ಟಾಗಿತ್ತು. ‘ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ, ನನ್ನನ್ನು ಕೇಳದೆ ಕೊಟ್ಟದ್ದಕ್ಕೆ ಬೇಸರ’ ಎಂದು ಹೆಂಡತಿ ಹೇಳಿದ್ದು ಸಾಲಕ್ಕಿಂತಲೂ ಭಾರವಾಗಿತ್ತು. ಆದರೆ ಎಲ್ಲಕ್ಕಿಂತ ಕೆಟ್ಟದ್ದು ಹೊರಗೆ ಕಾಣಿಸದೆ ನಡೆದಿತ್ತು: ಆ ಹದಿನಾಲ್ಕು ತಿಂಗಳೂ ನಾನು ದೇವರನ್ನು ಸಾಲಗಾರನಂತೆ ನೋಡುತ್ತಿದ್ದೆ, ಕೊಟ್ಟದ್ದು ಯಾವಾಗ ಹಿಂದಕ್ಕೆ ಬರುತ್ತದೆಂದು ಕಾಯುತ್ತಿದ್ದೆ. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದಲ್ಲಿ ಪೇತ್ರನು, ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟುಕೊಂಡು ಎಲ್ಲವನ್ನೂ ಕೊಟ್ಟಂತೆ ತೋರಿಸಿದ ಅನನೀಯನಿಗೆ, ಹೊಲವೂ ಅದರ ಹಣವೂ ನಿನ್ನ ಕೈಯಲ್ಲೇ ಇದ್ದವಲ್ಲವೇ ಎಂದು ಕೇಳುತ್ತಾನೆ. ಅಲ್ಲಿ ತಪ್ಪೆನಿಸಿದ್ದು ಇಟ್ಟುಕೊಂಡದ್ದಲ್ಲ, ಸುಳ್ಳು. ನಾನು ಏನನ್ನೂ ಇಟ್ಟುಕೊಳ್ಳದೆಯೇ ಸುಳ್ಳಾಡಿದ್ದೆ: ಕೊಟ್ಟೆನೆಂದು ಸಾಕ್ಷಿ ಹೇಳಿ ಒಳಗೆ ಅದು ಹಿಂದಕ್ಕೆ ಬರಲೆಂದು ಕಾಯುತ್ತಿದ್ದೆ.

ಎರಡನೆಯದಾಗಿ ದಶಮಾಂಶವನ್ನು ಕಟ್ಟುನಿಟ್ಟಾಗಿ ಹಿಡಿದೆ. ಕಡಿತಕ್ಕೆ ಮುಂಚಿನ ಆದಾಯದ ಮೇಲೋ, ಕೈಗೆ ಬಂದದ್ದರ ಮೇಲೋ ಎಂಬ ಚರ್ಚೆಯಲ್ಲೇ ಮೊದಲ ವರ್ಷ ಹೋಯಿತು. ಮೂರು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ, ಆದರೆ ಉಳಿದ ಒಂಬತ್ತು ಪಾಲು ಸಂಪೂರ್ಣ ನನ್ನದೇ ಎಂಬ ಹಕ್ಕು ಒಳಗೊಳಗೇ ಬೇರೂರಿತು. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ತನ್ನ ನೀತಿಯನ್ನು ತಾನೇ ಹೊಗಳಿಕೊಂಡ ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದವನು) ತನ್ನ ಎಲ್ಲಾ ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದವನೇ. ಮೂರನೆಯ ಪ್ರಯತ್ನದಲ್ಲಿ, 19ನೇ ಶತಮಾನದಲ್ಲಿ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರಂತೆ, ಯಾರಿಗೂ ಅಗತ್ಯವನ್ನು ತಿಳಿಸದೆ ಪ್ರಾರ್ಥನೆ ಮಾತ್ರ ಮಾಡುತ್ತೇನೆಂದು ಹೊರಟೆ. ಅವರು ಕೈಗೆ ಬಂದದ್ದಕ್ಕೆಲ್ಲಾ ಕಟ್ಟುನಿಟ್ಟಾದ ಲೆಕ್ಕವಿಟ್ಟು ವರದಿ ಪ್ರಕಟಿಸುತ್ತಿದ್ದರು. ನಾನು ಅವರ ಮೌನವನ್ನು ಮಾತ್ರ ಅನುಕರಿಸಿ ಲೆಕ್ಕವನ್ನು ಬಿಟ್ಟಿದ್ದೆ. ಐದು ತಿಂಗಳಲ್ಲಿ ಅದೂ ಮುಗಿಯಿತು.

ತಿರುವು ಬಂದದ್ದು ಅದೇ ಮಾರ್ಕನ ಅಧ್ಯಾಯದಿಂದ. ಆಸ್ತಿವಂತನ ಈ ಪ್ರಸಂಗವನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಆದರೆ ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನೆಂದು ಬರೆದವನು ಮಾರ್ಕನೊಬ್ಬನೇ, ಅದೂ 21ನೇ ವಚನದಲ್ಲಿ, ಮಾರೆಂದು ಹೇಳುವುದಕ್ಕೆ ಮೊದಲು. ನೂರಾರು ಸಲ ಓದಿದ್ದರೂ ನನ್ನ ಕಣ್ಣು ಪ್ರತಿ ಸಲವೂ ಆಜ್ಞೆಯ ಮೇಲೆ ಬಿದ್ದಿತ್ತೇ ಹೊರತು ಆ ನೋಟದ ಮೇಲೆ ಬಿದ್ದಿರಲಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟೇ: ಪ್ರತಿ ತಿಂಗಳ ಮೊದಲ ದಿನ, ಲೆಕ್ಕದ ಪುಸ್ತಕವನ್ನು ತೆರೆಯುವ ಮೊದಲು, ಅರ್ಧ ಗಂಟೆ ಆ ಒಂದು ವಚನದ ಮುಂದೆ ಸುಮ್ಮನೆ ಕುಳಿತುಕೊಳ್ಳುವುದು. ಆ ಅರ್ಧ ಗಂಟೆಯಲ್ಲಿ ಯಾವ ಬೇಡಿಕೆಯೂ ಇಲ್ಲ, ಯಾವ ತೀರ್ಮಾನವೂ ಇಲ್ಲ. ಅನಂತರ ಹೆಂಡತಿಯೊಂದಿಗೆ ಕುಳಿತು ಲೆಕ್ಕ.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಒಮ್ಮೆ ನಿದ್ದೆಯನ್ನೇ ಮಾಡಿದೆ. ನಾಲ್ಕನೆಯ ತಿಂಗಳು, ವರ್ಷಗಳಿಂದ ಕಣ್ಣು ಹಾಯಿಸದೆ ದಾಟಿಸುತ್ತಿದ್ದ ‘ಇತರೆ’ ಎಂಬ ಸಾಲಿನ ಮೊತ್ತವನ್ನು ಬಿಡಿಸಿ ನೋಡುವ ಧೈರ್ಯ ಬಂತು. ಆದಾಯದ ಆರನೇ ಒಂದು ಪಾಲು ಅಲ್ಲಿ ಸೋರುತ್ತಿತ್ತು. ದಂಡನೆಯನ್ನು ನಿರೀಕ್ಷಿಸುವವನು ತನ್ನ ಲೆಕ್ಕವನ್ನು ತಾನೇ ಮುಚ್ಚಿಟ್ಟುಕೊಳ್ಳುತ್ತಾನೆ. ನೋಡುತ್ತಿರುವವನು ಮೊದಲೇ ಪ್ರೀತಿಸಿದ್ದಾನೆಂದು ತಿಳಿದಾಗ ಮುಚ್ಚಿಡಲು ಕಾರಣವೇ ಉಳಿಯುವುದಿಲ್ಲ. ಎಂಟು ವರ್ಷದ ಸಂಕಲ್ಪಗಳಿಂದ ಆಗದ ಕೆಲಸ ಇದರಿಂದ ಆಯಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಆಮೇಲೆ ಮನೆಯ ಖರ್ಚಿಗೆ ಒಂದು ಮಿತಿ ಹಾಕಿದೆವು. ಈ ಉಪಾಯ ನನ್ನದಲ್ಲ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ, ಆದಾಯ 60, 90, 120ಕ್ಕೆ ಏರಿದರೂ ಅದೇ 28ರಲ್ಲಿ ಬದುಕಿ ಉಳಿದದ್ದನ್ನೆಲ್ಲಾ ಕೊಟ್ಟ ಒಬ್ಬನ ಲೆಕ್ಕವನ್ನು 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತಮ್ಮ ಧರ್ಮೋಪದೇಶವೊಂದರಲ್ಲಿ ಹೇಳಿದ್ದಾರೆ. ನಾವು ಆಗಿನ ಆದಾಯದ ನೂರಕ್ಕೆ 70ರಷ್ಟನ್ನು ಮಿತಿಯಾಗಿ ಇಟ್ಟೆವು. ವೆಸ್ಲಿಯ ಮನುಷ್ಯನಷ್ಟು ಗಟ್ಟಿಗರು ನಾವಲ್ಲ, ಎರಡು ಸಲ ಮಿತಿಯನ್ನು ಏರಿಸಿದ್ದೇವೆ. ಆದರೂ ಮೊದಲ ವರ್ಷ ಆದಾಯದ ನೂರಕ್ಕೆ 13ರಷ್ಟಿದ್ದ ಕೊಡುಗೆ ಈಗ 30ರ ಆಸುಪಾಸಿನಲ್ಲಿದೆ. ಯಾರಾದರೂ ಸಾಲ ಕೇಳಿ ಬಂದಾಗ ನಾವು ಏನು ಮಾಡುತ್ತೇವೆ, ದೊಡ್ಡ ಖರ್ಚಿಗೆ ಮೊದಲು ಒಬ್ಬರನ್ನೊಬ್ಬರು ಯಾವ ಪ್ರಶ್ನೆ ಕೇಳಿಕೊಳ್ಳುತ್ತೇವೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ; ಅವು ನಮ್ಮ ಮನೆಯ ಜಗಳಗಳಿಂದ ಹುಟ್ಟಿದವು, ಮನೆಯಲ್ಲೇ ಇರಲಿ.

ಹಿರಿಯರಿಗೆ ಒಪ್ಪಿಗೆಯಾಗದಿದ್ದದ್ದು ನಾವು ತೆಗೆದಿಟ್ಟ ನಾಲ್ಕು ತಿಂಗಳ ಆಪತ್ಕಾಲದ ಹಣ. ‘ದೇವರ ಪ್ರೀತಿಯನ್ನು ನಂಬಿದವನಿಗೆ ಆ ಗಂಟು ಏಕೆ?’ ಎಂದರು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನದಿನವೂ ಕೊಟ್ಟ ಆಹಾರವಾದ ಮನ್ನಾದ ಕಥೆಯನ್ನೇ ಎತ್ತಿದರು. ವಿಮೋಚನಕಾಂಡ 16ರಲ್ಲಿ ಮರುದಿನಕ್ಕೆ ಉಳಿಸಿದ ಮನ್ನಾ ಹುಳಬಿದ್ದು ನಾರಿತೆಂಬುದು ನಿಜ. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿ ಸಬ್ಬತ್ತಿಗೆಂದು, ಅಂದರೆ ಏಳನೆಯ ದಿನದ ವಿಶ್ರಾಂತಿಗೆಂದು, ಇಟ್ಟದ್ದು ಕೆಡಲಿಲ್ಲವೆಂದು ಅದೇ ಅಧ್ಯಾಯ ಹೇಳುತ್ತದೆ. ಯಾವ ಭಯದಿಂದ, ಯಾರ ಮಾತಿನಂತೆ ಇಟ್ಟೆವು ಎಂಬುದೇ ವ್ಯತ್ಯಾಸವೆಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಕಳೆದ ವರ್ಷ ಅವರಲ್ಲೊಬ್ಬರು ಲೆಕ್ಕದ ನಮೂನೆಯನ್ನು ಕೇಳಿ ಪಡೆದುಕೊಂಡು ಹೋದರು.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ನಲವತ್ತು ದಿನ ಹೆಸರು ಹೇಳದೆ ಕೊಡುವುದೆಂದು ಹೊರಟು, ಹನ್ನೆರಡನೆಯ ದಿನ ಗೆಳೆಯನೊಬ್ಬನ ಮುಂದೆ ಬಾಯಿಬಿಟ್ಟೆ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯನನ್ನು ನೋಡಿ ಮಾಡಿದ ಪ್ರಯೋಗ ಅದಕ್ಕಿಂತ ಚೆನ್ನಾಗಿ ನಡೆಯಿತು. ಯೇಸು ತಾನಾಗಿ ಅವನ ಮನೆಗೆ ಅತಿಥಿಯಾಗಿ ಬಂದ ಮೇಲೆ ತಾನೇ ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವ ಮಾತನ್ನೂ ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವ ಮಾತನ್ನೂ ಆಡಿದ್ದು! ನಾನೂ ಆ ಅರ್ಧ ಗಂಟೆಯ ಬಳಿಕ, ನನ್ನಿಂದ ಹಣದಲ್ಲಿ ಅನ್ಯಾಯಕ್ಕೊಳಗಾದವರ ಹೆಸರುಗಳನ್ನು ಬರೆದೆ. ಏಳು ಹೆಸರು ಬಂದವು. ನಾಲ್ಕರಷ್ಟು ಕೊಡುವ ಎದೆಗಾರಿಕೆ ಬರಲಿಲ್ಲ, ಒಂದೂವರೆಯಷ್ಟು ಕೊಟ್ಟೆ. ನಾಲ್ವರು ತೆಗೆದುಕೊಂಡರು, ಒಬ್ಬರು ನಕ್ಕು ಬೇಡವೆಂದರು, ತೀರಿಹೋಗಿದ್ದ ಒಬ್ಬರ ಪಾಲನ್ನು ಅವರ ಮಕ್ಕಳಿಗೆ ತಲುಪಿಸಿದೆ. ಏಳನೆಯವರ ಬಾಗಿಲಿಗೆ ಎರಡು ಸಲ ಹೋಗಿ, ತಟ್ಟದೆ ಹಿಂದಿರುಗಿದ್ದೇನೆ; ಅವರ ಹಣ ಪುಸ್ತಕದಲ್ಲಿ ಬೇರೆ ಸಾಲಿನಲ್ಲಿದೆ.