ಇಂಗ್ಲೆಂಡಿನಲ್ಲಿ ಪೊಲೀಸರು ಕರೆದಾಗ: ಸಾಲಿಸಿಟರ್ ಜೊತೆ ಮಾತಾಡದೆ ಬಾಯಿ ಬಿಡಬೇಡಿ

ಊರಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿದ್ದನ್ನೇ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಉಳಿಸಿಕೊಂಡಿದೆ. ಆ ರಕ್ಷಣೆ ಇಂಗ್ಲೆಂಡಿನಲ್ಲಿ ಇಲ್ಲ. ಇಲ್ಲಿ ಠಾಣೆಯ ಇಂಟರ್‌ವ್ಯೂ ಕೋಣೆಯಲ್ಲಿ ನೀವು ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ, ಮುಂದೆ ಅದೇ ನಿಮ್ಮ ವಿರುದ್ಧದ ಸಾಕ್ಷ್ಯವಾಗಬಹುದು. ಹೊಸದಾಗಿ ಬಂದ ಎಂಜಿನಿಯರು, ಡಾಕ್ಟರು, ವಿದ್ಯಾರ್ಥಿ, ಕೇರ್ ಹೋಮಿನಲ್ಲಿ ದುಡಿಯುವವರು, ಎಲ್ಲರೂ ಮೊದಲು ತಿಳಿದಿರಬೇಕಾದದ್ದು ಇದು. ನಾನಿಲ್ಲಿ ಬರೆಯುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ಬಗ್ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವ ಜನಸಾಮಾನ್ಯರ ತಂಡದಲ್ಲಿ, ಕೂರುವವರ ಸಂಖ್ಯೆಯೂ ಬೇರೆ: 15. ಇಲ್ಲಿ 12.

ಪ್ರಶ್ನೆ ಕೇಳುವ ಮೊದಲು ಪೊಲೀಸರು ಒಂದು ಎಚ್ಚರಿಕೆ ಓದುತ್ತಾರೆ. ನೀವು ಏನೂ ಹೇಳಬೇಕಾಗಿಲ್ಲ. ಆದರೆ ಮುಂದೆ ಕೋರ್ಟಿನಲ್ಲಿ ನೆಚ್ಚಿಕೊಳ್ಳುವ ಸಂಗತಿಯನ್ನು ಈಗ ಕೇಳಿದಾಗ ಹೇಳದಿದ್ದರೆ ನಿಮ್ಮ ವಾದಕ್ಕೆ ಹಾನಿಯಾಗಬಹುದು. ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು. ಇದರ ನಡುವಿನ ಭಾಗ 1994ರ ಕಾನೂನಿನಿಂದ ಬಂದದ್ದು. ಮೌನವಾಗಿದ್ದರೆ ಅದನ್ನೂ ಜ್ಯೂರಿ ನಿಮ್ಮ ವಿರುದ್ಧ ಎಣಿಸಬಹುದು. ಅಂದರೆ ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ. ಯಾವ ಪ್ರಶ್ನೆಗೆ ಉತ್ತರಿಸಬೇಕು, ಯಾವುದಕ್ಕೆ ಬೇಡ, ಬರೆದ ಹೇಳಿಕೆ ಕೊಟ್ಟು ಸುಮ್ಮನಿರಬೇಕೇ ಎಂಬುದನ್ನು ಗಾಬರಿಯಲ್ಲಿರುವ ನೀವೊಬ್ಬರೇ ತೀರ್ಮಾನಿಸುವುದು ಬೇಡ. ಅದು ಸಾಲಿಸಿಟರ್, ಅಂದರೆ ನಿಮ್ಮ ಪರ ವಕೀಲರ ಕೆಲಸ.

ಸಾಲಿಸಿಟರ್ ಅಂದರೆ ದುಡ್ಡು ಎಂಬ ಹೆದರಿಕೆ ಬೇಡ. ಠಾಣೆಯಲ್ಲಿ ಕಾನೂನು ಸಲಹೆ ಎಲ್ಲರಿಗೂ ಉಚಿತ, ನಿಮ್ಮ ಸಂಬಳ ಎಷ್ಟಿದ್ದರೂ, ವೀಸಾ ಯಾವುದಿದ್ದರೂ. ‘ಡ್ಯೂಟಿ ಸಾಲಿಸಿಟರ್ ಬೇಕು’ ಎಂದರೆ ಸಾಕು, ಹಗಲಿರಲಿ ರಾತ್ರಿಯಿರಲಿ. ಇಂಗ್ಲಿಷ್ ಸರಾಗವಿಲ್ಲದವರು ಕನ್ನಡ ದುಭಾಷಿಯನ್ನು ಕೇಳಬಹುದು, ಅದಕ್ಕೂ ಹಣ ಕೊಡಬೇಕಿಲ್ಲ. ಬಂಧಿಸದೆ ‘ಸುಮ್ಮನೆ ಬಂದು ಮಾತಾಡಿ ಹೋಗಿ’ ಎಂದು ಕರೆಯುವ ವಾಲಂಟರಿ ಇಂಟರ್‌ವ್ಯೂಗೂ ಇದೇ ಹಕ್ಕು, ಇದೇ ಅಪಾಯ. ವಕೀಲರನ್ನು ಕೇಳಿದರೆ ತಪ್ಪು ಮಾಡಿದವರ ಹಾಗೆ ಕಾಣುತ್ತೇವೆ ಎಂದು ನಮ್ಮವರು ಹಿಂಜರಿಯುವುದುಂಟು. ಇಲ್ಲಿ ಯಾರೂ ಹಾಗೆ ತಿಳಿಯುವುದಿಲ್ಲ. ಸಾಲಿಸಿಟರನ್ನು ಕೇಳಿದ್ದನ್ನು ನಿಮ್ಮ ವಿರುದ್ಧ ಎಣಿಸುವಂತೆಯೂ ಇಲ್ಲ.

ಗಂಡ ಹೆಂಡತಿ ಜಗಳ ಕೇಳಿ ಪಕ್ಕದ ಮನೆಯವರು ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದರು ಅನ್ನಿ. ಹಿರಿಯರು ಕೂತು ರಾಜಿ ಮಾಡಿಸಿದರೆ ಮುಗಿಯಿತು ಎಂಬ ನಂಬಿಕೆ ಇಲ್ಲಿ ನಡೆಯದು. ದೂರು ಕೊಟ್ಟವರು ‘ನನಗೆ ಕೇಸ್ ಬೇಡ’ ಎಂದರೂ ಕೇಸ್ ನಡೆಸುವುದು, ಬಿಡುವುದು ಸರ್ಕಾರಿ ವಕೀಲರ ಸಂಸ್ಥೆಯಾದ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ಕೈಯಲ್ಲಿದೆ. ವೇಲ್ಸ್‌ನಲ್ಲಿ 2022ರಿಂದ ಮಗುವಿಗೆ ಒಂದು ಏಟು ಕೊಡುವುದೂ ಅಪರಾಧ.

ಇಂಥ ಸಣ್ಣ ಪ್ರಕರಣದಲ್ಲಿ ಪೊಲೀಸರು ‘ಕಾಶನ್ ತಗೊಂಡು ಮನೆಗೆ ಹೋಗಿ’ ಅನ್ನಬಹುದು. ಕೋರ್ಟಿಲ್ಲ, ಜೈಲಿಲ್ಲ, ಸಹಿ ಹಾಕಿದರೆ ಬಿಡುಗಡೆ. ಆದರೆ ಆ ಸಹಿಯ ಅರ್ಥ ‘ನಾನು ಆ ಅಪರಾಧ ಮಾಡಿದ್ದೇನೆ’ ಎಂದು. ಅದು ದಾಖಲೆಯಲ್ಲಿ ಉಳಿಯುತ್ತದೆ, ವೀಸಾ ಅರ್ಜಿಯಲ್ಲಿ ಅದನ್ನು ಹೇಳಬೇಕಾಗುತ್ತದೆ, ಡಾಕ್ಟರಾದರೆ ತಡಮಾಡದೆ ವೈದ್ಯರ ನೋಂದಣಿ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ತಿಳಿಸಬೇಕು. ಮಾಡದ ತಪ್ಪಿಗೆ, ಬೇಗ ಮನೆ ಸೇರುವ ಆಸೆಯಿಂದ ಕಾಶನ್ ಒಪ್ಪಿಕೊಳ್ಳಬೇಡಿ.

ಕೋರ್ಟಿಗೆ ಹೋದ ಮೇಲೂ ಇದೇ ಆಮಿಷ ದೊಡ್ಡದಾಗಿ ಎದುರಾಗುತ್ತದೆ. ನಮ್ಮಲ್ಲಿ ಕಾನೂನು ಶಿಕ್ಷೆಯ ಮಿತಿ ಹೇಳಿ, ಉಳಿದದ್ದನ್ನು ಬಹುಪಾಲು ನ್ಯಾಯಾಧೀಶರ ವಿವೇಚನೆಗೆ ಬಿಡುತ್ತದೆ. ಇಲ್ಲಿ ಸೆಂಟೆನ್ಸಿಂಗ್ ಕೌನ್ಸಿಲ್ ಅಪರಾಧಗಳಿಗೆ ಮಾರ್ಗಸೂಚಿ ಪ್ರಕಟಿಸಿದೆ. ನಿಮ್ಮ ಮೇಲಿನ ಆರೋಪಕ್ಕೆ ಎಷ್ಟು ಶಿಕ್ಷೆ ಬರಬಹುದೆಂದು ಅದರ ವೆಬ್‌ಸೈಟಿನಲ್ಲಿ ನೀವೇ ಓದಬಹುದು. ಅದೇ ಮಾರ್ಗಸೂಚಿಯ ಪ್ರಕಾರ ಆರಂಭದಲ್ಲೇ ತಪ್ಪೊಪ್ಪಿಕೊಂಡರೆ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಕಡಿತ. ವಿಚಾರಣೆಯ ದಿನದವರೆಗೆ ಕಾದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ತಪ್ಪು ಮಾಡಿದವರಿಗೆ ಇದು ನ್ಯಾಯವೇ. ಮಾಡದವರಿಗೆ ಇದು ಉರುಳು.

ಅಂಚೆ ಕಚೇರಿಗಳ ಹೊರೈಜನ್ ಪ್ರಕರಣದಲ್ಲಿ ಆದದ್ದು ಇದೇ. ಹೊರೈಜನ್ ಎಂಬ ಫುಜಿತ್ಸು ಕಂಪನಿಯ ಲೆಕ್ಕದ ಸಾಫ್ಟ್‌ವೇರ್ ಅಂಚೆ ಕಚೇರಿಗಳ ಹಣದಲ್ಲಿ ಇಲ್ಲದ ಕೊರತೆ ತೋರಿಸಿತು. 1999ರಿಂದ 2015ರ ನಡುವೆ ಆ ಕಚೇರಿಗಳಲ್ಲಿದ್ದ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕಳ್ಳತನದ ಆರೋಪ ಕೈಬಿಟ್ಟರೆ ಸಾಕೆಂದು ಅನೇಕರು ‘ಸುಳ್ಳು ಲೆಕ್ಕ ಬರೆದೆ’ ಎಂದು ಒಪ್ಪಿಕೊಂಡರು. ಭಾರತೀಯ ಮೂಲದ ಸೀಮಾ ಮಿಶ್ರಾ ಸರ್ರೆಯ ವೆಸ್ಟ್ ಬೈಫ್ಲೀಟ್ ಅಂಚೆ ಕಚೇರಿ ನಡೆಸುತ್ತಿದ್ದರು. ಕಳ್ಳತನವನ್ನು ಒಪ್ಪದೆ ಜ್ಯೂರಿಯ ಮುಂದೆ ಹೋದರು, ಸೋತರು, 2010ರ ನವೆಂಬರಿನಲ್ಲಿ ಗರ್ಭಿಣಿಯಾಗಿದ್ದಾಗಲೇ 15 ತಿಂಗಳ ಶಿಕ್ಷೆ ಪಡೆದು ಜೈಲಿಗೆ ಹೋದರು. ಆ ತೀರ್ಪು ರದ್ದಾದದ್ದು 2021ರಲ್ಲಿ. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿಯೇ ಉಳಿದ ನೂರಾರು ಶಿಕ್ಷೆಗಳನ್ನು ಅಳಿಸಬೇಕಾಯಿತು. ಅಲ್ಲಗಳೆಯುವ ಸಾಕ್ಷ್ಯ ಇಲ್ಲದಿದ್ದರೆ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತೆಂದು ಕೋರ್ಟುಗಳು ಎಣಿಸುತ್ತಿದ್ದವು. ಸಾಫ್ಟ್‌ವೇರ್ ಬರೆದು ಬದುಕುವ ನಮ್ಮವರಿಗೆ ಅದು ಎಂಥ ನಂಬಿಕೆಯೆಂದು ಬಿಡಿಸಿ ಹೇಳಬೇಕಿಲ್ಲ.

ಬ್ರಿಟಿಷ್ ಪೌರತ್ವ ಇಲ್ಲದವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 2007ರ ಕಾನೂನಿನಂತೆ 12 ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆಯಾದ ವಿದೇಶಿಯನ್ನು, ಮಾನವ ಹಕ್ಕಿನಂಥ ಕೆಲವು ವಿನಾಯಿತಿ ಬಿಟ್ಟರೆ, ಸರ್ಕಾರ ಗಡಿಪಾರು ಮಾಡಬೇಕು. ಕಾಯಂ ವಾಸದ ಅನುಮತಿ ಇದ್ದರೂ ಇದರಿಂದ ರಕ್ಷಣೆ ಇಲ್ಲ. ಸೀಮಾ ಅವರಿಗಾದ 15 ತಿಂಗಳು ಆ ಗೆರೆಯನ್ನು ದಾಟಿದ ಶಿಕ್ಷೆ. ಹಾಗಾಗಿ ತಪ್ಪೊಪ್ಪಿಕೊಳ್ಳುವ ಮಾತು ಬಂದಾಗ ಕ್ರಿಮಿನಲ್ ವಕೀಲರ ಜೊತೆಗೆ ಇಮಿಗ್ರೇಷನ್ ವಕೀಲರನ್ನೂ ಕೇಳಿ.

ಮರಣದಂಡನೆ ಇಲ್ಲಿ ಇಲ್ಲ. ಕೊಲೆಗೆ ಜೀವಾವಧಿ ಕಡ್ಡಾಯ. ಜೀವಾವಧಿ ಕೊಡುವಾಗ ನ್ಯಾಯಾಧೀಶರು ಸಾಮಾನ್ಯವಾಗಿ ಕನಿಷ್ಠ ಇಷ್ಟು ವರ್ಷ ಎಂದು ಅಲ್ಲೇ ಹೇಳುತ್ತಾರೆ. ಆಮೇಲೆ ಬಿಡುವುದು ಬಿಡದಿರುವುದು ಪರೋಲ್ ಬೋರ್ಡಿಗೆ ಸೇರಿದ್ದು. ಆಂಡ್ರ್ಯೂ ಮಾಲ್ಕಿನ್‌ಸನ್ ಪ್ರಕರಣ ನನ್ನನ್ನು ಕಲಕಿದ್ದು ಇಲ್ಲೇ. ಅತ್ಯಾಚಾರದ ಆರೋಪದಲ್ಲಿ 2004ರಲ್ಲಿ ಜ್ಯೂರಿ 10–2ರ ಬಹುಮತದಿಂದ ಅವರನ್ನು ತಪ್ಪಿತಸ್ಥನೆಂದಿತು. ಇಲ್ಲಿ ಅಷ್ಟು ಬಹುಮತ ಸಾಕು. ಶಿಕ್ಷೆ ಜೀವಾವಧಿ, ಕನಿಷ್ಠ ಅವಧಿ 7 ವರ್ಷ. ಅವರು ಒಳಗಿದ್ದದ್ದು 17 ವರ್ಷ, ಏಕೆಂದರೆ ಮಾಡದ್ದನ್ನು ಮಾಡಿದೆನೆಂದು ಅವರು ಹೇಳಲಿಲ್ಲ. 2023ರಲ್ಲಿ ಡಿಎನ್‌ಎ ಸಾಕ್ಷ್ಯದ ಬಲದಿಂದ ತೀರ್ಪು ರದ್ದಾಯಿತು. ಪರಿಹಾರವೂ ತಾನಾಗಿ ಸಿಗುವುದಿಲ್ಲ: 2014ರ ತಿದ್ದುಪಡಿಯ ನಂತರ, ಶಿಕ್ಷೆ ರದ್ದಾದರೆ ಸಾಲದು, ನಿರಪರಾಧಿ ಎಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಬೇಕು.

ತಪ್ಪು ತೀರ್ಪು ಬಂದೇಬಿಟ್ಟರೆ ದಿನಗಳು ಮುಖ್ಯ. ಕ್ರೌನ್ ಕೋರ್ಟಿನ ತೀರ್ಪಿನ ಮೇಲೆ ಮೇಲ್ಮನವಿಗೆ ಅನುಮತಿ ಕೋರಲು 28 ದಿನ. ಮ್ಯಾಜಿಸ್ಟ್ರೇಟ್ ಕೋರ್ಟಿನದಾದರೆ ಇನ್ನೂ ಕಡಿಮೆ. ಅಲ್ಲೂ ಸೋತವರಿಗೆ, ತಪ್ಪು ತೀರ್ಪಿನ ದೂರುಗಳನ್ನು ಪರಿಶೀಲಿಸುವ ಬರ್ಮಿಂಗ್‌ಹ್ಯಾಮಿನ ಕ್ರಿಮಿನಲ್ ಕೇಸಸ್ ರಿವ್ಯೂ ಕಮಿಷನ್ ಇದೆ. 1974ರ ಬಾಂಬ್ ಸ್ಫೋಟದ ಪ್ರಕರಣದಲ್ಲಿ 16 ವರ್ಷ ತಪ್ಪಾಗಿ ಜೈಲಿನಲ್ಲಿದ್ದ ಆರು ಜನ 1991ರಲ್ಲಿ ಹೊರಬಂದ ಮೇಲೆ ಎದ್ದ ಪ್ರಶ್ನೆಗಳಿಂದ 1997ರಲ್ಲಿ ಶುರುವಾದದ್ದು ಅದು. ಅರ್ಜಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ಹಾಕಬಹುದು. ಆದರೆ ಅದೂ ಮಾಲ್ಕಿನ್‌ಸನ್ ಅವರನ್ನು ಎರಡು ಸಲ ತಿರಸ್ಕರಿಸಿತ್ತು. ಆದ್ದರಿಂದ ಇಂಟರ್‌ವ್ಯೂ ರೆಕಾರ್ಡಿಂಗ್, ಚಾರ್ಜ್ ಶೀಟು, ವಕೀಲರ ಪತ್ರ, ಇಮೇಲ್ ಎಲ್ಲದರ ಪ್ರತಿ ತೆಗೆದಿಟ್ಟು, ಇನ್ನೊಂದು ಪ್ರತಿಯನ್ನು ಮನೆಯವರ ಕೈಯಲ್ಲಿಡಿ. ಭಾರತೀಯ ಹೈಕಮಿಷನ್‌ಗೆ ತಿಳಿಸಿ ಎಂದು ಠಾಣೆಯಲ್ಲೇ ಕೇಳುವ ಹಕ್ಕೂ ನಿಮಗಿದೆ. ಅವರು ಕೇಸಿನಲ್ಲಿ ಕೈಹಾಕಲಾರರು. ಊರಿನಲ್ಲಿ ಕಾಯುತ್ತಿರುವ ಅಪ್ಪ ಅಮ್ಮನಿಗೆ ನೀವೆಲ್ಲಿದ್ದೀರೆಂಬ ಸುದ್ದಿಯನ್ನಾದರೂ ಮುಟ್ಟಿಸಬಲ್ಲರು.