ಸಿಖ್ ಗಂಡುಮಗುವಿಗೆ ಹೆಸರಿಡುವ ಬಗೆ: ಅಕ್ಷರ, ಅರ್ಥ ಮತ್ತು ಕನ್ನಡದ ನಾಲಿಗೆ

ದಾವಣಗೆರೆಯ ನಮ್ಮ ಬೀದಿಯಲ್ಲಿ ಲಾರಿ ಬಿಡಿಭಾಗಗಳ ವ್ಯಾಪಾರ ಮಾಡುವ ಸರ್ದಾರ್‌ಜಿಯೊಬ್ಬರಿಗೆ ಮೊಮ್ಮಗ ಹುಟ್ಟಿದಾಗ, ನಿವೃತ್ತ ಕನ್ನಡ ಮೇಷ್ಟ್ರಾದ ನನ್ನ ಬಳಿ ಬಂದು, “ಮೇಷ್ಟ್ರೇ, ಹೆಸರು ನಮ್ಮ ಪದ್ಧತಿಯಂತೆಯೇ ಇಡುತ್ತೇವೆ, ಆದರೆ ಇಲ್ಲಿನ ಶಾಲೆಯಲ್ಲಿ ಯಾರೂ ಅದನ್ನು ತಿದ್ದಬಾರದು, ಅಂಥದ್ದೊಂದು ಹೇಳಿ” ಎಂದರು. ಅವರ ಸೊಸೆ ಚಿತ್ರದುರ್ಗದ ಕನ್ನಡದ ಮನೆಯ ಹುಡುಗಿ. ಆಕೆಯ ತಾಯಿ ಅಷ್ಟರಲ್ಲಾಗಲೇ ಪಂಚಾಂಗ ತೆರೆದು, ಮಗು ಅಶ್ವಿನಿ ನಕ್ಷತ್ರದ್ದಾದ್ದರಿಂದ ಚು, ಚೆ, ಚೋ, ಲಾ ಎಂಬ ನಾಲ್ಕರಲ್ಲೊಂದು ಅಕ್ಷರ ಬರಬೇಕೆಂದು ಹೇಳಿಯಾಗಿತ್ತು. ಇಂಥ ಮನೆಗಳಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಹೆಸರಲ್ಲ, ಅಕ್ಷರ ಎಲ್ಲಿಂದ ಬರಬೇಕೆಂಬುದು.

ಸಿಖ್ ಪದ್ಧತಿಯಲ್ಲಿ ಅಕ್ಷರವು ನಕ್ಷತ್ರದಿಂದ ಬರುವುದಿಲ್ಲ, ಅವರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್‌ನಿಂದ ಬರುತ್ತದೆ. ಬಾಣಂತಿ ಸ್ನಾನ ಮಾಡಿ ಓಡಾಡುವಷ್ಟು ಚೇತರಿಸಿಕೊಂಡ ಮೇಲೆ ಕುಟುಂಬದವರು ಗುರುದ್ವಾರಕ್ಕೆ ಹೋಗುತ್ತಾರೆ; ನಮ್ಮಲ್ಲಿರುವಂತೆ ಹನ್ನೊಂದನೆಯ ದಿನ, ಹನ್ನೆರಡನೆಯ ದಿನ ಎಂಬ ಲೆಕ್ಕವಾಗಲಿ ಸೂತಕದ ವಿಚಾರವಾಗಲಿ ಅಲ್ಲಿಲ್ಲ. ಅರ್ದಾಸ್ ಎಂಬ ಪ್ರಾರ್ಥನೆ ಆದ ಮೇಲೆ 1430 ಪುಟಗಳ ಆ ಗ್ರಂಥವನ್ನು ಯಾವುದೋ ಒಂದು ಪುಟಕ್ಕೆ ತೆರೆದು, ಎಡಪುಟದ ಮೇಲ್ತುದಿಯಲ್ಲಿರುವ ಶಬದವನ್ನು, ಅಂದರೆ ಸ್ತುತಿಪದ್ಯವನ್ನು, ಓದುತ್ತಾರೆ. ಆ ಶಬದ ಹಿಂದಿನ ಪುಟದಲ್ಲಿ ಆರಂಭವಾಗಿದ್ದರೆ ಹಾಳೆಯನ್ನು ಹಿಂದಕ್ಕೆ ಮಗುಚಿ ಆರಂಭದಿಂದಲೇ ಓದುತ್ತಾರೆ. ಇದೇ ಹುಕಂ. ಅದರ ಮೊದಲ ಪದದ ಮೊದಲ ಅಕ್ಷರವೇ ಮಗುವಿನ ಹೆಸರಿನ ಮೊದಲ ಅಕ್ಷರ. ಗ್ರಂಥವನ್ನು ಓದುವ ಗ್ರಂಥಿಗಳು ಹೆಸರೊಂದನ್ನು ಸೂಚಿಸಿ, ನೆರೆದ ಭಕ್ತರ ಸಂಗತ್ ಒಪ್ಪಿದ ಮೇಲೆ, ಗಂಡುಮಗುವಾದರೆ ‘ಸಿಂಗ್’ ಸೇರಿಸಿ ಘೋಷಿಸುತ್ತಾರೆ. ಕಡಾ ಪ್ರಸಾದವೆಂಬ ಸಿಹಿ ಹಂಚಲಾಗುತ್ತದೆ. ನಮ್ಮ ಕಡೆಯ ಕುಟುಂಬಗಳು ಇದಕ್ಕಾಗಿ ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಗುರುದ್ವಾರಕ್ಕೋ ಬೀದರಿನ ನಾನಕ್ ಝೀರಾಕ್ಕೋ ಹೋಗಬಹುದು. ಅಜ್ಜಿಯ ಪಂಚಾಂಗಕ್ಕೆ ನಾನು ಸೂಚಿಸಿದ ದಾರಿ ಸರಳವಾದದ್ದು: ನಮ್ಮಲ್ಲಿ ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ ಇರುವುದು ಹಳೆಯ ರೂಢಿಯೇ ಆಗಿರುವುದರಿಂದ, ತೊಟ್ಟಿಲಿಗೆ ಹಾಕುವ ದಿನ ಅಜ್ಜಿಗೆ ಒಪ್ಪುವ ಹೆಸರನ್ನು ಸೋದರತ್ತೆ ಕಿವಿಯಲ್ಲಿ ಹೇಳಲಿ, ದಾಖಲೆಗೆ ಹೋಗುವುದು ಮಾತ್ರ ಹುಕಂನ ಹೆಸರಾಗಿರಲಿ.

ಅಕ್ಷರ ಸಿಕ್ಕ ಮೇಲೆ ಅರ್ಥದ ಕಡೆ ಬರಬೇಕು. ಹೆಚ್ಚಿನ ಸಿಖ್ ಹೆಸರುಗಳು ಎರಡು ತುಂಡುಗಳ ಜೋಡಣೆ. ಮೊದಲ ತುಂಡು ಗುರ್, ಹರ್, ಜಸ್, ಮನ್, ಸುಖ್, ಸತ್ ಮುಂತಾದದ್ದು. ಎರಡನೆಯದು ಪ್ರೀತ್, ದೀಪ್, ಜೀತ್, ಪಾಲ್, ಬೀರ್, ಇಂದರ್ ಮುಂತಾದದ್ದು. ಕನ್ನಡಿಗರಿಗೆ ಇವು ಅಪರಿಚಿತವೇನಲ್ಲ, ಉಚ್ಚಾರಣೆ ಮಾತ್ರ ಸ್ವಲ್ಪ ಸರಿದಿದೆ. ಪಂಜಾಬಿಯಲ್ಲಿ ಪದದ ಮೊದಲ ಯಕಾರ ಜಕಾರವಾಗುವುದರಿಂದ ನಮ್ಮ ‘ಯಶ’ ಅಲ್ಲಿ ‘ಜಸ್’ ಆಗುತ್ತದೆ, ವಕಾರ ಬಕಾರವಾಗುವುದರಿಂದ ‘ವೀರ’ ಅಲ್ಲಿ ‘ಬೀರ್’ ಆಗುತ್ತದೆ. ಆದ್ದರಿಂದ ಜಸ್‌ಬೀರ್ ಎಂದರೆ ಯಶೋವೀರ. ‘ಹರ್’ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯವರು ಎಡವುತ್ತಾರೆ. ಹರಿಹರ ಹತ್ತಿರವೇ ಇರುವುದರಿಂದಲೂ ವಚನಗಳ ಕಿವಿ ನಮಗಿರುವುದರಿಂದಲೂ ನಾವು ಅದನ್ನು ‘ಹರ’ ಎಂದೇ ಕೇಳಿಸಿಕೊಳ್ಳುತ್ತೇವೆ, ಆದರೆ ಗುರುಬಾನಿಯಲ್ಲಿ, ಅಂದರೆ ಗುರುಗಳ ವಾಣಿಯಲ್ಲಿ, ಅದು ‘ಹರಿ’. ಅಲ್ಲಿ ಆ ಪದ ವಿಷ್ಣುವಿಗೆ ಸೀಮಿತವಾಗದೆ ಒಬ್ಬನೇ ದೇವರನ್ನು ಸೂಚಿಸುತ್ತದೆ. ಮನ್‌ಜೀತ್ ನನಗೆ ಬಹಳ ಇಷ್ಟವಾದ ಹೆಸರು: ಮನಸ್ಸನ್ನು ಗೆದ್ದರೆ ಜಗತ್ತನ್ನು ಗೆದ್ದಂತೆ ಎಂಬ ಗುರು ನಾನಕರ ‘ಜಪುಜಿ’ ಎಂಬ ಪ್ರಾರ್ಥನೆಯ ಮಾತಿನಲ್ಲಿ ಮನ್‌ಜೀತ್, ಜಗ್‌ಜೀತ್ ಎರಡರ ಅರ್ಥವೂ ಒಟ್ಟಿಗೆ ಇದೆ.

ಚರಿತ್ರೆಯ ಹೆಸರುಗಳನ್ನು ಆರಿಸುವವರು ಅದರ ಹಿಂದಿನ ಕಥೆಯನ್ನು ಮಗುವಿಗೆ ಹೇಳಲು ಸಿದ್ಧರಿರಬೇಕು. ಅಂಗದ್ ಎಂದರೆ ನಮಗೆ ವಾಲಿಯ ಮಗ ನೆನಪಾಗುತ್ತಾನೆ. ಸಿಖ್ಖರಿಗಾದರೋ ಅದು ಗುರು ನಾನಕರು ತಮ್ಮ ಶಿಷ್ಯ ಲೆಹಣಾ ಅವರನ್ನು ತಮ್ಮದೇ ಅಂಗವೆಂದು ಭಾವಿಸಿ ಕೊಟ್ಟ ಹೆಸರು. ಗುರು ಗೋಬಿಂದ್ ಸಿಂಗ್ ಅವರ ನಾಲ್ವರು ಮಕ್ಕಳಾದ ಅಜಿತ್, ಜುಝಾರ್, ಜೋರಾವರ್, ಫತೇಹ್ ಇವರ ಹೆಸರುಗಳನ್ನು ಇಂದಿಗೂ ಮನೆಮನೆಯಲ್ಲಿ ಇಡುತ್ತಾರೆ. ನಮ್ಮ ಸರ್ದಾರ್‌ಜಿಯ ಮೊಮ್ಮಗನಿಗೆ ಹುಕಂನಲ್ಲಿ ಬಂದದ್ದು ‘ಸ’. ಸಹಜ್, ಸತ್‌ನಾಮ್, ಸುಖ್‌ದೀಪ್, ಸಾಹಿಬ್ ಎಂಬ ನಾಲ್ಕು ಹೆಸರುಗಳನ್ನು ಚೀಟಿಯಲ್ಲಿ ಬರೆದರು. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಅವರ ಕರೆಗೆ ತಲೆಯೊಪ್ಪಿಸಲು ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು ಎಂದು ನಾನು ನೆನಪಿಸಿದಾಗ, ಅದುವರೆಗೆ ಮುನಿಸಿಕೊಂಡಿದ್ದ ಅಜ್ಜಿ, “ಹಂಗಾದ್ರೆ ನಮ್ಮ ಕಡೇರೇ ಬಿಡ್ರಿ” ಎಂದು ಆ ಹೆಸರಿನ ಮೇಲೆ ಬೆರಳಿಟ್ಟರು.

ಇನ್ನು ಸರ್ದಾರ್‌ಜಿ ಕೇಳಿದ ಮೂಲ ಪ್ರಶ್ನೆ. ಕನ್ನಡದ ನಾಲಿಗೆಯೂ ಲೇಖನಿಯೂ ಸಿಖ್ ಹೆಸರುಗಳನ್ನು ಗೊತ್ತಿಲ್ಲದೆಯೇ ತಿದ್ದುತ್ತವೆ. ವರ್ಷಗಳ ಹಿಂದೆ ನಾನೇ ದಾಖಲಾತಿ ಪುಸ್ತಕದಲ್ಲಿ ಸುರಿಂದರ್ ಎಂಬ ಹುಡುಗನನ್ನು, ಅವನ ತಂದೆಗೆ ಬರೆಯಲು ಬಾರದೆಂದು ಭಾವಿಸಿ, ‘ಸುರೇಂದ್ರ’ ಎಂದು ಬರೆದೆ. ಅರ್ಥ ಒಂದೇ ಆದರೂ ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಜನನ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗೂ ಹೊಂದದೆ ಆ ತಂದೆ ಅಫಿಡವಿಟ್ ಹಿಡಿದು ಅಲೆಯಬೇಕಾಯಿತು. ‘ಗುರ್‌ಪ್ರೀತ್’ ಅನ್ನು ಬಿಡಿಸಿ ಬರೆಯದಿದ್ದರೆ ಪಕಾರಕ್ಕೆ ಕೆಳಗೊಂದು ರವತ್ತು, ಪಕ್ಕದಲ್ಲೊಂದು ಅರ್ಕಾವತ್ತು ಬಿದ್ದು, ಓದುವವರು ತಡವರಿಸಿ ಕೊನೆಗೆ ‘ಗುರುಪ್ರೀತ’ ಎನ್ನುತ್ತಾರೆ. ಪ್ರೀತ್ ಎಂದು ಮುಗಿಯುವ ಹೆಸರುಗಳು ಗಂಡಿಗೂ ಹೆಣ್ಣಿಗೂ ಒಂದೇ ಆಗಿರುವುದರಿಂದ, ‘ಸಿಂಗ್’ ಬಿಟ್ಟುಹೋದರೆ ಹಾಜರಿ ಪುಸ್ತಕದಲ್ಲಿ ಹುಡುಗ ಹುಡುಗಿಯರ ಸಾಲಿಗೆ ಸೇರುವುದುಂಟು. ಬೀರ್ ಎಂಬ ಕೊನೆಯನ್ನು ಪ್ರೌಢಶಾಲೆಯ ಹುಡುಗರು ಯಾವ ಸೀಸೆಗೆ ಹೋಲಿಸುತ್ತಾರೆಂದು ನಾನು ಹೇಳಬೇಕಾಗಿಲ್ಲ. ಆದ್ದರಿಂದ ಆರಿಸಿದ ಹೆಸರನ್ನು ಒಮ್ಮೆ ಕನ್ನಡದ ವಿಭಕ್ತಿ ಹಚ್ಚಿ ಜೋರಾಗಿ ಕರೆದು ನೋಡಿ: ಸಾಹಿಬನಿಗೆ, ಸಹಜನನ್ನು, ಸುಖ್‌ದೀಪನ ಜೊತೆ. ಅಂಗಡಿಯ ಹುಡುಗ, ಹಾಲಿನವರು, ಪಕ್ಕದ ಮನೆಯ ಅಜ್ಜಿ ಮೂವರೂ ಎರಡನೆಯ ಸಲಕ್ಕೆ ಸರಿಯಾಗಿ ಹೇಳಿದರೆ ಸಾಕು.

ಸಿಂಗ್ ಎಂಬುದು ಮೂಲತಃ ಮನೆತನದ ಹೆಸರಲ್ಲ. ಜಾತಿಯನ್ನು ಸೂಚಿಸುವ ಕುಲನಾಮಗಳ ಜಾಗದಲ್ಲಿ ಎಲ್ಲರಿಗೂ ಒಂದೇ ಹೆಸರಿರಲೆಂಬುದು ಅದರ ಆಶಯ. ಅದರ ನಂತರ ಕುಲನಾಮ ಸೇರಿಸುವುದೋ ಬಿಡುವುದೋ, ಇಲ್ಲಿನ ರೂಢಿಯಂತೆ ತಂದೆಯ ಇನಿಷಿಯಲ್ ಹಾಕುವುದೋ ಎಂಬುದನ್ನು ಮನೆಯಲ್ಲೇ ಮೊದಲು ನಿರ್ಧರಿಸಿ, ಎಲ್ಲ ದಾಖಲೆಗಳಲ್ಲೂ ಅದನ್ನೇ ಪಾಲಿಸಬೇಕು.

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರಿಗಾಗಿ ಅವಸರ ಪಡಬೇಕಾಗಿಲ್ಲ. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ತಡಶುಲ್ಕ ತೆತ್ತು 15 ವರ್ಷದವರೆಗೂ ಅವಕಾಶವಿದೆ; ಗುರುದ್ವಾರಕ್ಕೆ ಹೋಗುವುದು ತಡವಾದರೆ ತಾತ್ಕಾಲಿಕವಾಗಿ ಯಾವುದೋ ಹೆಸರು ಬರೆಸುವ ತಪ್ಪನ್ನು ಮಾಡಬೇಡಿ. ಕಚೇರಿಗೆ ಹೋಗುವಾಗ ಹೆಸರನ್ನು ಗುರುಮುಖಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಕೊಂಡೊಯ್ದು, ಪ್ರಮಾಣಪತ್ರ ಮುದ್ರಣವಾಗುವ ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದೇ ಅಕ್ಷರ ನೋಡಿಕೊಳ್ಳಿ. ನೆರೆಮನೆಯ ಸಾಹಿಬ್ ಸಿಂಗ್‌ನನ್ನು ಅವನ ಅಜ್ಜ ‘ಲಕ್ಕಿ’ ಎಂದೂ ಚಿತ್ರದುರ್ಗದ ಅಜ್ಜಿ ‘ಪುಟ್ಟಣ್ಣ’ ಎಂದೂ ಕರೆಯುತ್ತಾರೆ. ಆ ಎರಡನ್ನೂ ಚೀಟಿಯಲ್ಲಿ ಬರೆದಿಲ್ಲ.