ಹಳೇ ಸೈಕಲ್ಲಿಗೆ ಒಂದು ಭಾನುವಾರ

ಆಯುಧ ಪೂಜೆ ಹತ್ತಿರ ಬಂತೆಂದರೆ ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆಯಿಂದ ಪೈಪಿನ ಸದ್ದೇ ಸದ್ದು. ಕಾರು, ಬೈಕು, ಸ್ಕೂಟಿ ಎಲ್ಲಕ್ಕೂ ಸ್ನಾನ. ಮನೆಯಲ್ಲಿ ಹಳೇ ಸೈಕಲ್ ಇದ್ದರೆ ಅದಕ್ಕೂ ಅದೇ ಪೈಪು ಹಿಡಿಯುತ್ತಾರೆ. ದಯವಿಟ್ಟು ಹಿಡಿಯಬೇಡಿ. ಜೋರಾಗಿ ಬಿಟ್ಟ ನೀರು ಚಕ್ರದ ನಡುವಿನ ಹಬ್ಬಿನೊಳಗೆ, ಪೆಡಲಿನೊಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಹೊರಗೆ ಸೈಕಲ್ ಫಳಫಳ ಅನ್ನುತ್ತಿರುತ್ತದೆ, ಒಳಗೆ ತುಕ್ಕು ಶುರುವಾಗಿರುತ್ತದೆ.

ನನ್ನ ಹತ್ತಿರ ಇರುವುದು ಅಪ್ಪನ ಸೈಕಲ್. ಕಪ್ಪು ಬಣ್ಣ, ರಾಡ್ ಬ್ರೇಕು, 28 ಇಂಚಿನ ಚಕ್ರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅವರು ಹತ್ತಿ ಗಿರಣಿಯ ಶಿಫ್ಟಿಗೆ ಇದರ ಮೇಲೇ ಹೋಗಿ ಬರುತ್ತಿದ್ದರು. ಈಗ ನಾನು ದಿನಾ ಬೆಳಿಗ್ಗೆ ಕುಂದವಾಡ ಕೆರೆಯವರೆಗೆ ಹೋಗಿ ಬರುತ್ತೇನೆ. ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ, ಪೂಜೆಗೆ ಮುಂಚಿನ ಭಾನುವಾರ ಇದನ್ನು ಪೂರ್ತಿ ಬಿಚ್ಚಿ ಜೋಡಿಸುತ್ತೇನೆ. ಮೊದಲ ಸಲ ಇಡೀ ದಿನ ಹಿಡಿಯಿತು. ಈಗ ತಿಂಡಿ ತಿಂದು ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ.

ಬೇಕಾದ ಸಾಮಾನು ಕಡಿಮೆ. ಮೂಳೆಯ ಆಕಾರದ, ಎರಡೂ ತುದಿಯಲ್ಲಿ ಬೇರೆ ಬೇರೆ ಸೈಜಿನ ತೂತಿರುವ ಸೈಕಲ್ ಪಾನಾ, ಕೋನ್ (ಆಕ್ಸೆಲ್ ಮೇಲೆ ಕೂತು ಬೇರಿಂಗ್ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು) ಹಿಡಿಯಲು ತೆಳ್ಳಗಿನ ಇನ್ನೊಂದು ಪಾನಾ, ಸ್ಕ್ರೂಡ್ರೈವರ್, ಸುತ್ತಿಗೆ, ಹಳೇ ಟೂತ್‌ಬ್ರಷ್, ಹಳೇ ಪಂಚೆಯ ತುಂಡು. ಒಂದು ಡಬ್ಬಿ ಗ್ರೀಸು, ಹೊಲಿಗೆ ಮಷಿನ್ ಎಣ್ಣೆ, ಅರ್ಧ ಲೀಟರ್ ಡೀಸೆಲ್. ಅಪ್ಪ ಸೀಮೆಎಣ್ಣೆ ಬಳಸುತ್ತಿದ್ದರು, ಈಗ ಅದು ಸಿಗುವುದು ಕಷ್ಟ. ಜೊತೆಗೆ ಅಂಚಿರುವ ಒಂದು ಸ್ಟೀಲ್ ತಟ್ಟೆ ಇರಲಿ. ಬೇರಿಂಗ್ ಬಾಲ್ಸು ನೆಲಕ್ಕೆ ಬಿದ್ದರೆ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಮೊದಲು ಮಣ್ಣು ತೆಗೆಯಿರಿ. ನಮ್ಮ ಕಡೆ ಎರೆ ಮಣ್ಣು ಮಡ್‌ಗಾರ್ಡಿನ ಒಳಗೆ ಕೂತು ಒಣಗಿದರೆ ಗಾರೆ ಹಾಗೆ ಗಟ್ಟಿಯಾಗುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದರೆ ಬಣ್ಣ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಕಿ, ಆಮೇಲೆ ಬಿದಿರಿನ ಕಡ್ಡಿಯಿಂದ ಎಬ್ಬಿಸಿದರೆ ಹೆಪ್ಪು ಹೆಪ್ಪಾಗಿ ಬಿಡುತ್ತದೆ. ನೀರಿನ ಕೆಲಸ ಇಷ್ಟೇ.

ಈಗ ಸೈಕಲ್ಲನ್ನು ತಲೆಕೆಳಗೆ ಮಾಡಿ ಗೋಣಿಚೀಲದ ಮೇಲೆ ನಿಲ್ಲಿಸಿ. ಮುಂದಿನ ಚಕ್ರದಿಂದ ಶುರು ಮಾಡುವುದು ಒಳ್ಳೆಯದು, ಅದರಲ್ಲಿ ಚೈನಿನ ರಗಳೆ ಇಲ್ಲ. ನಟ್ಟು, ವಾಷರ್, ಮಡ್‌ಗಾರ್ಡ್ ಕಡ್ಡಿ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಪೇಪರ್ ಮೇಲೆ ಸಾಲಾಗಿ ಇಡಿ. ಒಂದು ಕಡೆಯ ಕೋನ್ ಬಿಚ್ಚಿ, ಕೆಳಗೆ ತಟ್ಟೆ ಹಿಡಿದು ಆಕ್ಸೆಲ್ ಎಳೆಯಿರಿ. ಬಾಲ್ಸು ತಟ್ಟೆಗೆ ಉದುರುತ್ತವೆ. ಎಣಿಸಿ ಬರೆದಿಟ್ಟುಕೊಳ್ಳಿ. ನನ್ನ ಸೈಕಲ್ಲಿನಲ್ಲಿ ಮುಂದೆ ಪಕ್ಕಕ್ಕೆ 10 ಸಣ್ಣವು, ಹಿಂದೆ ಪಕ್ಕಕ್ಕೆ 9 ದಪ್ಪವು. ಇವು ಬೆರೆಯಬಾರದು.

ಡೀಸೆಲ್‌ನಲ್ಲಿ ಎಲ್ಲವನ್ನೂ ತೊಳೆದು ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಬಾಲ್ಸು ಕನ್ನಡಿಯಂತೆ ಹೊಳೆಯಬೇಕು. ಒಂದರ ಮೈ ಮಂಕಾಗಿದ್ದರೂ ಆ ಪಕ್ಕದ ಎಲ್ಲವನ್ನೂ ಬದಲಾಯಿಸಿ, ಬೆಲೆ ಏನೂ ಜಾಸ್ತಿ ಇಲ್ಲ. ಕೋನಿನ ಮೇಲೆ ಉಗುರು ಆಡಿಸಿ. ಗುಳಿ ಸಿಕ್ಕರೆ ಕೋನೂ ಹೊಸದು ಬೇಕು. ಒಂದು ವರ್ಷ ಅಂಗಡಿಯೊಂದರಲ್ಲಿ ಕೋನ್ ವಿಪರೀತ ಬಿಗಿ ಮಾಡಿ ಕೊಟ್ಟಿದ್ದರು. ಮೂರೇ ತಿಂಗಳಲ್ಲಿ ಕೋನ್ ತಿಂದುಹೋಯಿತು. ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತಿದ್ದೇನೆ.

ಹಬ್ಬಿನಲ್ಲಿ ಬಾಲ್ಸು ಕೂರುವ ಕಪ್ಪಿಗೆ ಗ್ರೀಸ್ ತುಂಬಿ, ಬಾಲ್ಸನ್ನು ಒಂದೊಂದಾಗಿ ಅದರಲ್ಲಿ ಅದುಮಿ ಕೂರಿಸಿ. ಗ್ರೀಸೇ ಅವನ್ನು ಹಿಡಿದುಕೊಳ್ಳುತ್ತದೆ. ಆಕ್ಸೆಲ್ ತೂರಿಸಿ, ಕೋನನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಚಕ್ರವನ್ನು ಜಾಗಕ್ಕೆ ಹಾಕಿ ನಟ್ಟು ಬಿಗಿ ಮಾಡಿ. ಈಗ ಪರೀಕ್ಷೆ. ರಿಮ್ಮನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದರೆ ಟಕ್ ಟಕ್ ಅನ್ನಬಾರದು. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ, ಗಾಳಿ ತುಂಬುವ ವಾಲ್ ತನ್ನ ಭಾರಕ್ಕೆ ತಾನೇ ಕೆಳಗೆ ಬಂದು, ಸ್ವಲ್ಪ ತೂಗಾಡಿ ನಿಲ್ಲಬೇಕು. ಹಾಗೆ ನಿಂತರೆ ಕೋನ್ ಸರಿಯಾಗಿದೆ. ನಿಲ್ಲದಿದ್ದರೆ ಮತ್ತೆ ಬಿಚ್ಚಿ, ಬೇಸರ ಮಾಡಿಕೊಳ್ಳಬೇಡಿ. ನಾನು ಪ್ರತಿ ವರ್ಷ ಎರಡು ಮೂರು ಸಲವಾದರೂ ಬಿಚ್ಚುತ್ತೇನೆ. ವಾಲ್ ತೂಗಾಡಿ ನಿಲ್ಲುವುದನ್ನು ನೋಡುವುದು ನನಗೆ ಈ ದಿನದ ಅತಿ ದೊಡ್ಡ ಸಂತೋಷ.

ಹಿಂದಿನ ಚಕ್ರಕ್ಕೂ ಇದೇ ರೀತಿ. ಚೈನ್ ಕೂರುವ ಹಲ್ಲಿನ ಗಾಲಿ, ಅಂದರೆ ಫ್ರೀವೀಲನ್ನು ಮಾತ್ರ ಬಿಚ್ಚಲು ಹೋಗಬೇಡಿ, ಅದರೊಳಗೆ ತುಂಬಾ ಸಣ್ಣ ಬಾಲ್ಸು, ಕೂದಲಿನಂಥ ಸ್ಪ್ರಿಂಗು ಇರುತ್ತವೆ. ಚಕ್ರವನ್ನು ಅಡ್ಡ ಮಲಗಿಸಿ, ಫ್ರೀವೀಲಿನ ಸಂದಿಗೆ ಹೊಲಿಗೆ ಮಷಿನ್ ಎಣ್ಣೆ ನಾಲ್ಕು ಹನಿ ಬಿಟ್ಟು ಹಿಂದಕ್ಕೆ ತಿರುಗಿಸುತ್ತಾ ಇದ್ದರೆ ಸಾಕು. ಅದಕ್ಕೆ ಗ್ರೀಸ್ ಹಾಕಬಾರದು, ಒಳಗಿನ ಹಲ್ಲಿಗೆ ಸಿಕ್ಕಿಕೊಳ್ಳುವ ನಾಲಿಗೆ ಅಂಟಿಕೊಂಡು ಪೆಡಲ್ ಸುಮ್ನೆ ಖಾಲಿ ತಿರುಗುತ್ತದೆ.

ಚೈನ್ ಸವೆದಿದೆಯಾ ಎಂದು ತಿಳಿಯಲು ಸ್ಕೇಲ್ ಸಾಕು. ಪಿನ್ನಿನ ಮಧ್ಯದಿಂದ ಮಧ್ಯಕ್ಕೆ ಅಳೆದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಒಂದು ದಾರ, ಅಂದರೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಹೊಸ ಚೈನ್ ತನ್ನಿ. ಚೆನ್ನಾಗಿದ್ದರೆ ಡೀಸೆಲ್‌ನಲ್ಲಿ ನೆನೆಸಿ, ಬ್ರಷ್ ಹಾಕಿ, ಒಣಗಿಸಿ. ಎಣ್ಣೆ ಬಿಟ್ಟ ಮೇಲೆ ಹೊರಗಿನ ಎಣ್ಣೆಯನ್ನು ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ಪಿನ್ನುಗಳಿಗೆ. ಹೊರಗೆ ಉಳಿದ ಎಣ್ಣೆ ಧೂಳನ್ನು ಮಾತ್ರ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ಅದು ನಾಲ್ಕು ದಿನಕ್ಕೆ ಜಿಗುಟಾಗುತ್ತದೆ. ಚೈನ್ ಲಾಕ್ ಹಾಕುವಾಗ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ, ಸೀಳಿದ ಬಾಯಿ ಹಿಂದಕ್ಕಿರಲಿ. ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡುವಾಗ ಚೈನಿನ ಮಧ್ಯದಲ್ಲಿ ಅರ್ಧ ಇಂಚಿನಷ್ಟು ಸಡಿಲ ಬಿಡಿ.

ಪೆಡಲ್ ತುಳಿಯುವಾಗ ಪ್ರತಿ ಸುತ್ತಿಗೂ ಒಂದು ಸಲ ‘ಟಕ್’ ಅಂದರೆ ಕ್ರ್ಯಾಂಕನ್ನು (ಪೆಡಲಿನ ತೋಳನ್ನು) ಆಕ್ಸೆಲ್ಲಿಗೆ ಬಿಗಿಯುವ ಕಾಟರ್ ಪಿನ್ ಸಡಿಲವಾಗಿದೆ ಎಂದೇ ಅನುಮಾನ ಪಡಿ. ನಟ್ಟನ್ನು ಎಷ್ಟು ಬಿಗಿ ಮಾಡಿದರೂ ಅದು ನಿಲ್ಲುವುದಿಲ್ಲ. ಕ್ರ್ಯಾಂಕಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಪಿನ್ನಿನ ದಪ್ಪ ತುದಿಗೆ ಎರಡು ಪೆಟ್ಟು ಹಾಕಿ, ಆಮೇಲೆ ನಟ್ಟು ತಿರುಗಿಸಿ. ದಿಮ್ಮಿ ಕೊಡದೆ ಹೊಡೆದರೆ ಆ ಪೆಟ್ಟು ಒಳಗಿನ ಬಾಲ್ಸಿನ ಮೇಲೆ ಬೀಳುತ್ತದೆ. ಪೆಡಲನ್ನೇ ಬಿಚ್ಚುವುದಾದರೆ ನೆನಪಿಡಿ: ಎಡಗಡೆಯ ಪೆಡಲಿಗೆ ಉಲ್ಟಾ ಮರೆ (ಥ್ರೆಡ್). ಅದನ್ನು ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ.

ಬ್ರೇಕ್ ಕಟ್ಟೆ ಸವೆದಿದ್ದರೆ ಬದಲಿಸಿ. ರಿಮ್ಮಿಗೆ ಒಂದು ಹನಿ ಎಣ್ಣೆಯೂ ತಾಗಬಾರದು.

ಇನ್ನು ಪಂಚರ್. ಕಾಲುವೆ ಏರಿಯ ಮೇಲೆ, ಹೊಲದ ಬದಿಯಲ್ಲಿ ಓಡಾಡುವವರಿಗೆ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ತಪ್ಪಿದ್ದಲ್ಲ. ಗಾಳಿ ಇಳಿದ ಕೂಡಲೇ ಟೈರ್ ಬಿಚ್ಚಬೇಡಿ. ವಾಲಿನ ಬಾಯಿಗೆ ಸ್ವಲ್ಪ ನೀರು ಹಚ್ಚಿ, ಗುಳ್ಳೆ ಬಂದರೆ ಒಳಗಿನ ವಾಲ್ ಟ್ಯೂಬ್ ಹಳೆಯದಾಗಿದೆ ಅಷ್ಟೇ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ಆ ರಬ್ಬರ್ ಬೇಗ ಹರಿಯುತ್ತದೆ. ಇಂಚುದ್ದದ ಹೊಸ ತುಂಡು ಹಾಕಿದರೆ ಕೆಲಸ ಮುಗಿಯಿತು.

ನಿಜವಾಗಿ ಪಂಚರೇ ಆಗಿದ್ದರೆ, ಟ್ಯೂಬಿನ ತೂತು ಸಿಕ್ಕ ಮೇಲೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುಳ್ಳಿನ ಮೊನೆ ಇನ್ನೂ ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಪ್ಯಾಚ್ ಹಾಕಿ ನಾಳೆ ಮತ್ತೆ ಪಂಚರ್ ಆಯ್ತು ಅಂತ ರಸ್ತೆಯನ್ನು ಬೈಯುವವರನ್ನು ನೋಡಿದ್ದೇನೆ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಿರಿ. ಐದು ನಿಮಿಷ ಬೇಕು. ಒದ್ದೆ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ನಿಲ್ಲುವುದಿಲ್ಲ. ಟೈರನ್ನು ರಿಮ್ಮಿಗೆ ಸೇರಿಸುವಾಗ ವಾಲಿನ ಎದುರು ಕಡೆಯಿಂದ ಶುರು ಮಾಡಿ ವಾಲಿನ ಹತ್ತಿರ ಮುಗಿಸಿ. ಕೊನೆಯ ಗೇಣನ್ನು ಹೆಬ್ಬೆರಳಿನಿಂದಲೇ ತಳ್ಳಿ. ಅಲ್ಲಿ ಕಬ್ಬಿಣ ಹಾಕಿದರೆ ಹೊಸ ಪಂಚರ್ ಮಾಡಿಕೊಂಡಂತೆ.

ಉಳಿದ ಡೀಸೆಲ್ಲನ್ನು ಚರಂಡಿಗೆ ಚೆಲ್ಲಬೇಡಿ. ಬಾಟಲಿಗೆ ಹಾಕಿಟ್ಟರೆ ಕೊಳೆ ತಳಕ್ಕೆ ಕೂರುತ್ತದೆ, ಮೇಲಿನದು ಮುಂದಿನ ವರ್ಷಕ್ಕೆ ಆಗುತ್ತದೆ. ಮೊದಲ ದಿನ ದೂರ ಹೋಗಬೇಡಿ. ಬಡಾವಣೆಯಲ್ಲೇ ಎರಡು ಸುತ್ತು ಹೊಡೆದು ಬಂದು ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಆಮೇಲೆ ಹರಿಹರದವರೆಗೂ ಧೈರ್ಯವಾಗಿ ಹೋಗಬಹುದು. ಆಷಾಢದಲ್ಲಿ ಮಾತ್ರ ಹೋಗುವಾಗ ಗಾಳಿ ಎದುರು ಹೊಡೆಯುತ್ತದೆ, ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಪೂಜೆಯ ದಿನ ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರವನ್ನು ಹ್ಯಾಂಡಲ್ಲಿಗೆ ಕಟ್ಟಿ. ಚಕ್ರಕ್ಕೆ ಕಟ್ಟಬೇಡಿ. ಹೂವು ಒಣಗಿ ಉದುರಿದ ಮೇಲೂ ದಾರ ಕಡ್ಡಿಗಳಲ್ಲಿ ಉಳಿದು, ನಿಧಾನಕ್ಕೆ ಆಕ್ಸೆಲ್ಲಿಗೆ ಸುತ್ತಿಕೊಂಡು, ನೀವು ಅಷ್ಟು ಕಷ್ಟಪಟ್ಟು ತುಂಬಿದ ಗ್ರೀಸನ್ನು ಹೀರಿಕೊಳ್ಳುತ್ತದೆ. ಹೋದ ವರ್ಷ ಮುಂದಿನ ಹಬ್ಬು ಬಿಚ್ಚಿದಾಗ ನನಗೆ ಅದರಿಂದ ಒಂದು ಮೊಳ ದಾರ ಸಿಕ್ಕಿತು.